ಘಡಿ ಮುರಿದ ಸೀರೆ

"ಸೀರಿ ಯಾರು ತಗೊಂಡಾರೋ ಅವರ ಬಂದು ಹೇಳಬೇಕ್ರಿ ಅಕ್ಕಾರ. ಹಿಂಗ ಯಾರ್ಯಾರೋ ತಂದು ಒಗದು ಹೋದ್ರ ಇದೇನ್ ಅಂಗಡಿನೋ, ಗುಜರಿನೋ?"

ಗಜೇಂದ್ರಗಡದ ಬಜಾರದಲ್ಲಿ ಆ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದ ಕಳಕೇಶನ ಕಿವಿಗೆ ಮೊದಲು ಬಿದ್ದದ್ದು ಈ ಮಾತು. ಆಡಿದವನು ಅಂಗಡಿಯ ಮಾಲಕ ಗುರುಸಂಗಪ್ಪ. ಆಡಿಸಿಕೊಂಡು ನಿಂತವಳು ನಿರ್ಮಲಾ.

ಬೆನ್ನು ನೋಡಿಯೇ ಕಳಕೇಶನ ಕಾಲು ನಿಂತವು. ಜಡೆ ಅದೇ, ತುದಿಗೆ ಸುತ್ತಿದ ಕಪ್ಪು ರಬ್ಬರೂ ಅದೇ. ಯಾವಾಗ ನೋಡಿದರೂ ಜಾರುವ ದುಪಟ್ಟಾ ಮಾತ್ರ ಇವತ್ತು ಹೆಗಲ ಮೇಲೆ ಪಿನ್ನು ಹಾಕಿಸಿಕೊಂಡು, ಬೈಸಿಕೊಂಡ ಮಗುವಿನ ಹಾಗೆ ಸುಮ್ಮನೆ ಕೂತಿತ್ತು.

ಅರ್ಧ ತಾಸಿನ ಹಿಂದೆ ಅವಳ ಫೋನು ಬಂದಿತ್ತು. ಎರಡು ತಿಂಗಳ ಮೇಲೆ ಆ ಹೆಸರು ಮೊಬೈಲಿನಲ್ಲಿ ಮೂಡಿದಾಗ ಅವನ ಕೈಯಲ್ಲಿದ್ದ ತಾಮ್ರದ ತಂತಿಯ ಸುರುಳಿ ಬಿದ್ದು ಅಂಗಡಿ ತುಂಬ ಉರುಳಾಡಿತ್ತು.

"ನೀವು ಸೀರಿ ತಗೊಂಡಿದ್ರಲ್ಲಾ, ಆ ಅಂಗಡ್ಯಾಗ ಅದೀನ್ರಿ. ಬಿಲ್ ಐತೇನ್ರಿ ನಿಮ್ಮ ಕಡೆ?"

ಬಿಲ್ಲು ಕೇಳಿದ್ದು ಅವನಿಗೆ ಚುಚ್ಚಲಿಲ್ಲ. ಆ 'ನೀವು' ಚುಚ್ಚಿತು. 'ಏ ಕಳಕ್ಯಾ' ಅನ್ನುತ್ತಿದ್ದ ಬಾಯಿ ಅದು.

ಕಳಕೇಶನದು ಮೋಟಾರು ವೈಂಡಿಂಗ್ ಅಂಗಡಿ. ಸುಟ್ಟ ಬೋರ್‌ವೆಲ್ ಮೋಟಾರುಗಳನ್ನು ರೈತರು ತಂದು ಹಾಕುತ್ತಾರೆ. ಇವನು ಹಳೆಯ ತಂತಿ ಕಿತ್ತು, ಎಣಿಸಿ ಎಣಿಸಿ ಹೊಸ ತಂತಿ ಸುತ್ತುತ್ತಾನೆ. ಕರೆಂಟಿಗೆ ಹೆದರದ ಈ ಮನುಷ್ಯ ಸೂಜಿಗೆ ಹೆದರುತ್ತಾನೆ ಅನ್ನುವುದು ಊರಿನಲ್ಲಿ ಒಬ್ಬಳಿಗೇ ಗೊತ್ತು. ಜ್ವರ ಬಂದು ರಕ್ತ ತಪಾಸಣೆಗೆ ಹೋದ ದಿನ, ಲ್ಯಾಬಿನಲ್ಲಿ ಸಿರಿಂಜು ಹಿಡಿದು ನಿಂತವಳು ಈ ನಿರ್ಮಲಾ. ಸೂಡಿಯಿಂದ ದಿನಾ ಬಸ್ಸಿಗೆ ಬಂದು ಹೋಗುವವಳು. ಇವನ ಹಣೆಯ ಬೆವರು ನೋಡಿ ನಕ್ಕಿದ್ದಳು.

"ಆ ಕಡೆ ಮುಖಾ ಮಾಡ್ರಿ. ಒಂದು ಎರಡು ಅಂತ ಎಣಸ್ರಿ."

"ಎಲ್ಲೀತನಾ ಎಣಸ್ಲಿ?"

"ನೋವು ನಿಲ್ಲೂತನಾ."

ನಾಲ್ಕರ ಮುಂದೆ ಏನು ಬರುತ್ತದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಹತ್ತಿ ಒತ್ತಿ ಹಿಡಿದ ಅವಳ ಬೆರಳು ತೋಳಿನ ಮೇಲಿತ್ತಲ್ಲ!

ಅಂಥವಳು ಈಗ ಅವನು ಬಂದದ್ದನ್ನು ಕಂಡು, ನೋಡಿಯೂ ನೋಡದ ಹಾಗೆ ಕೌಂಟರಿನ ಕಡೆ ತಿರುಗಿ, "ಇವರ ನೋಡ್ರಿ ತಗೊಂಡವ್ರು" ಅಂದಳು.

ಕಳಕೇಶ ಪಾಕೀಟಿನಿಂದ ಬಿಲ್ಲು ತೆಗೆದು ಕೊಟ್ಟ. ದೀಪಾವಳಿಯಿಂದ ಎದೆಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದಕ್ಕೋ ಏನೋ, ಎದೆಯ ಬಿಸಿಗೆ ಅಕ್ಷರಗಳೆಲ್ಲ ಹಾರಿಹೋಗಿ ಬರೀ ಬಿಳಿ ಕಾಗದ ಉಳಿದಿತ್ತು.

ಗುರುಸಂಗಪ್ಪ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. "ಬಾಳಿ ಎಲಿ ತೊಳದಂಗ ಐತಿ. ಇದರಾಗ ನಮ್ಮ ಅಂಗಡಿ ಹೆಸರು ಸುದ್ದಾ ಇಲ್ಲ."

"ನಿಮ್ಮ ಮಷಿನ್ನಿನ ಬಿಲ್ಲ ಅದು. ನಿಮ್ಮ ಶಾಯಿ ಹಾರಿದ್ರ ನಾನೇನ್ ಮಾಡ್ಲಿ?"

"ಜೋರು ಮಾಡಬ್ಯಾಡ ತಮ್ಮಾ. ಗಿರಾಕಿ ಅದಾರ. ನಿಂದರು ಅಲ್ಲಿ."

ಗಿರಾಕಿ ಅಂದರೆ ಮುಶಿಗೇರಿಯಿಂದ ಮದುವೆ ಬಟ್ಟೆಗೆ ಬಂದ ಮಂದಿ. ಅವರಿಗೆ ಗಾದಿ, ತಲೆ ಮೇಲೆ ಫ್ಯಾನು, ಕೈಗೆ ಚಹಾ. ಇವರಿಬ್ಬರಿಗೆ ಗೊಂಬೆಗಳ ಸಾಲಿನ ಪಕ್ಕ ಒಂದು ಮೂಲೆ. ತೆಗೆದುಕೊಳ್ಳಲು ಹೋದಾಗ 'ಬರ್ರಿ ಸರ, ನಿಮ್ಮದ ಅಂಗಡಿ' ಅಂದಿದ್ದ ಇದೇ ಗುರುಸಂಗಪ್ಪ. ಮರಳಿ ಕೊಡಲು ಬಂದರೆ ಅಂಗಡಿ ಅವನದಾಗಿಬಿಡುತ್ತದೆ, ಮೂಲೆ ಮಾತ್ರ ನಮ್ಮದು.

ಒಂದು ಗೊಂಬೆ ಮದುಮಗಳ ಹಾಗೆ ಉಟ್ಟು ನಿಂತಿತ್ತು. ಅದರ ಅತ್ತ ಅವಳು, ಇತ್ತ ಇವನು.

"ಕೆಲಸ ಬಿಟ್ಟು ಬರೂ ಹಂಗ ಮಾಡಿದೆ. ತಪ್ಪು ತಿಳಕೋಬ್ಯಾಡ್ರಿ" ಅಂದಳು ನಿರ್ಮಲಾ, ಗೊಂಬೆಯ ಕಡೆ ನೋಡುತ್ತ.

"ಯಾರಿಗೆ ಹೇಳಾಕತ್ತೀ? ಗೊಂಬಿಗೋ, ನನಗೋ?"

ಅವಳ ತುಟಿಯ ಕೊನೆ ಒಂದಿಷ್ಟು ಅಲುಗಿತು. ನಗು ಬಾಗಿಲತನಕ ಬಂದು, ಒಳಗೆ ಸೂತಕ ಇದೆ ಅಂತ ಗೊತ್ತಾಗಿ ಹೊಳ್ಳಿಹೋದ ಹಾಗೆ.

ಸೂತಕವೇ ಆಗಿತ್ತು. ಸಂಕ್ರಾಂತಿ ಹೊತ್ತಿಗೆ ಅವಳ ಅಕ್ಕ ಅನಿತಾ ಕಾಮಾಲೆಯಾಗಿ ತೀರಿಕೊಂಡಳು. ಅವಳಿಗೆ ಮೂರು ವರ್ಷ ತುಂಬದ ಒಂದು ಹೆಣ್ಣುಮಗು. ಅಜ್ಜಿಯ ಹೆಸರು ಶೇಖವ್ವ ಅಂತ ಇಟ್ಟು, ಎಲ್ಲರೂ ಶೇಕಿ ಅನ್ನುವುದು. ಮಗು ನಿರ್ಮಲಾಳ ಕೊರಳು ಬಿಡಲಿಲ್ಲ. ಹಿರಿಯರು ಕೂತು ಮಾತಾಡಿದರು. ಅಕ್ಕನ ಗಂಡ ಸಂಗನಬಸವನಿಗೇ ತಂಗಿಯನ್ನು ಕೊಟ್ಟರೆ ಮಗುವಿಗೆ ಮಲತಾಯಿ ಬರುವುದಿಲ್ಲ ಅಂದರು. ಇಟಗಿಯ ಆ ಮನುಷ್ಯ ಕೆಟ್ಟವನಾಗಿದ್ದರೆ ಕಳಕೇಶನಿಗೆ ಎಷ್ಟು ಹಗುರಾಗುತ್ತಿತ್ತು! ಅವನೋ, 'ಆಕಿ ಮನಸ್ಸಿಗೆ ಬಂದ್ರ ಅಷ್ಟ' ಅಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತನಂತೆ. ಬೈಯಲಿಕ್ಕೂ ಸಿಗದ ಮನುಷ್ಯ.

"ಸೀರಿ ನನಗ ವಾಪಸ್ ಕೊಡಾಕ ಬಂದೀ, ನಾ ತಗೊಳ್ಳಲಿಲ್ಲ. ಅದಕ್ಕ ಅಂಗಡಿಗೆ ತಂದೀ ಹೌದಿಲ್ಲೋ?"

"ಮುಂದಿನ ವಾರ ನನ್ನ ಟ್ರಂಕು ಇಟಗಿಗೆ ಹೋಗತೈತಿ. ಅದನ್ನೂ ಒಯ್ದು ಆ ಮನ್ಯಾಗ ಹ್ಯಾಂಗ ಇಡ್ಲಿ? ರೊಕ್ಕ ಬ್ಯಾಡ ನನಗ. ಇದರ ಬದ್ಲಿ ಶೇಕಿಗೆ ಎರಡು ಫ್ರಾಕು ಕೊಟ್ರ ಸಾಕು ಅಂದೆ. ಅದಕ್ಕೂ ಇಷ್ಟ ಮಾತು."

ಕಳಕೇಶ ಕೇಳಬಾರದು ಕೇಳಬಾರದು ಅನ್ನುತ್ತಲೇ ಕೇಳಿದ.

"ಒಮ್ಮ್ಯಾರ ಉಟ್ಟಿದ್ದೇನು?"

"ಇಲ್ಲ." ಉತ್ತರ ಭಾಳ ಲಗೂನ, ಕೇಳಿ ಮುಗಿಯುವುದರೊಳಗೇ ಬಂತು. "ಘಡಿ ಸುದ್ದಾ ಮುರದಿಲ್ಲ."

ಹೊಸ ಸೀರೆಗೆ ಅಂಗಡಿಯವರು ಹಾಕಿಕೊಟ್ಟ ಮಡಿಕೆ ಇರುತ್ತದಲ್ಲ, ಅದೇ ಘಡಿ. ಅದನ್ನು ಮೊದಲ ಸಲ ಬಿಚ್ಚುವುದಕ್ಕೆ ಈ ಕಡೆ ಘಡಿ ಮುರಿಯುವುದು ಅನ್ನುತ್ತಾರೆ. ಸುಮ್ಮನೆ ಮುರಿಯುವುದಿಲ್ಲ. ಮನಸ್ಸಿಗೆ ಬೇಕಾದವರ ಕೈಯಲ್ಲಿ ಕೊಟ್ಟು, 'ನೀ ಮುರಿ, ನಿನ್ನ ಕೈ ಚಲೋ' ಅನ್ನುವುದು ರೂಢಿ. ದೀಪಾವಳಿಗೆ ಈ ದಾಳಿಂಬ ಬಣ್ಣದ ಸೀರೆ ಕೊಟ್ಟಾಗ ಕಳಕೇಶ ಹೇಳಿದ್ದ, "ಘಡಿ ನಾನ ಮುರೀತೀನಿ. ನಮ್ಮ ಮನ್ಯಾಗ. ಅಲ್ಲೀತನಾ ಮುಟ್ಟಬ್ಯಾಡ." ಅವಳು ಸೀರೆಯನ್ನು ಮೂಗಿಗೆ ಹಿಡಿದು ಹೊಸ ವಾಸನೆ ಕುಡಿದು, "ಮುಟ್ಟದ ಇದ್ರ ಬಹುಮಾನ ಏನು ಕೊಡ್ತೀ?" ಅಂತ ಕಣ್ಣಿನಲ್ಲೇ ಕೇಳಿದ್ದಳು.

"ಏ, ಸೀರಿಯವ್ರು ಬರ್ರಿ ಇಲ್ಲೆ!"

ಗುರುಸಂಗಪ್ಪ ಕವರಿನಿಂದ ಸೀರೆಯನ್ನು ಸರ್ರನೆ ಎಳೆದ. ಕೌಂಟರಿನ ಮೇಲೆ ಕೊಡವಿ ಹರವಿದ. ದಡಿ ನೋಡಿದ, ಒಡಲು ನೋಡಿದ. ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದ. ಸೆರಗನ್ನು ಬೆಳಕಿಗೆ ಎತ್ತಿದವನು ಹಾಗೆಯೇ ನಿಂತ.

"ಬರ್ರಿ, ಎಲ್ಲಾರೂ ನೋಡ್ರಿ ಬರ್ರಿ!" ಮದುವೆ ಮಂದಿಯೆಲ್ಲ ತಿರುಗಿದರು. "ಹೊಸಾ ಸೀರಿ ಅಂತ ಇದು! ಹೆಗಲಿನ ಕಡೆ ಪಿನ್ನಿನ ತೂತು. ತೂತಷ್ಟ ಅಲ್ಲ, ಜಗ್ಗಿ ಹರದಾರ. ಇಲ್ಲೆ ಪೌಡರ್ ವಾಸನಿ. ಹಬ್ಬಕ್ಕ ಉಟ್ಟು ಮೆರದು, ಸಾಕಾದಮ್ಯಾಲ ವಾಪಸ್! ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಕಳಕೇಶನ ಕಣ್ಣು ಆ ತೂತಿಗೆ ಅಂಟಿಕೊಂಡಿತು. ಸಾಸಿವೆ ಕಾಳಿನಷ್ಟು. ಅದರಾಚೆ ಟ್ಯೂಬ್‌ಲೈಟಿನ ಬೆಳಕು.

ಉಟ್ಟಿದ್ದಾಳೆ.

ನಿರ್ಮಲಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಕಳಕೇಶ ಮುಂದೆ ಬಂದು ನಿಂತ. "ನಮ್ಮ ತಂಗಿ ಉಟ್ಟಿದ್ಳು. ಕೊಡೂಕಿಂತ ಮೊದ್ಲ. ಇವರಿಗೆ ಗೊತ್ತಿಲ್ಲ. ಬೈಯೂದಿದ್ರ ನನಗ ಬೈರಿ."

ಅಷ್ಟರಲ್ಲಿ, ಸೀರೆ ತೋರಿಸುವ ಕೆಲಸದ, ನಿರ್ಮಲಾಳ ಗುರುತಿನ ಬಿಸ್ಮಿಲ್ಲಾ ಹಿಂದಿನಿಂದ ಬಾಯಿ ಹಾಕಿದಳು. "ಮಾಲಕ್ರ, ಅದು ನಂದ ತಪ್ಪರಿ. ಮಾರೂ ಮೊದ್ಲ ಗೊಂಬಿಗೆ ಉಡಿಸಿ ಪಿನ್ ಹಚ್ಚಿದ್ದೆ."

ಒಂದು ತೂತಿಗೆ ಇಬ್ಬರು ವಾರಸುದಾರರು! ಗುರುಸಂಗಪ್ಪ ಇಬ್ಬರ ಮುಖವನ್ನೂ ನೋಡಿ, ಮಂದಿಯ ಮುಂದೆ ಅಂಗಡಿಯ ಹೆಸರು ಕೆಟ್ಟೀತು ಅಂತ ಲೆಕ್ಕ ಹಾಕಿದನೋ ಏನೋ, "ಹಂಗಾದ್ರ... ಆತು, ಬದ್ಲಿ ಫ್ರಾಕು ತಗೊಂಡು ಹೋಗ್ರಿ" ಅಂತ ಗೊಣಗಿದ.

ಮುಗಿದುಹೋಗುತ್ತಿತ್ತು. ಸುಮ್ಮನಿದ್ದಿದ್ದರೆ ಮುಗಿದೇ ಹೋಗುತ್ತಿತ್ತು.

"ಬ್ಯಾಡ್ರಿ" ಅಂದಳು ನಿರ್ಮಲಾ. ದನಿ ಸಣ್ಣದಿತ್ತು, ಆದರೆ ಮದುವೆ ಮಂದಿಯ ಚಹಾದ ಕಪ್ಪುಗಳೂ ಸುಮ್ಮನಾದವು. "ಬಿಸ್ಮಿಲ್ಲಾ, ನೀ ಯಾಕ ಬೈಸ್ಕೋತಿ? ಇವರ ತಂಗಿ ಉಟ್ಟಿಲ್ಲ, ಗೊಂಬಿ ಉಟ್ಟಿಲ್ಲ. ನಾ ಉಟ್ಟಿದ್ದೆ. ಒಂದ ಸರ್ತಿ. ಬಾಗಲಾ ಹಾಕ್ಕೊಂಡು, ಕನ್ನಡಿ ಮುಂದ ಉಟ್ಟಿದ್ದೆ. ಇಲ್ಲ ಅಂತ ಇವರಿಗೂ ಸುಳ್ಳ ಹೇಳಿದೆ, ನಿಮಗೂ ಸುಳ್ಳ ಹೇಳಿದೆ."

ಯಾರಿಗೆ ಹೇಳಬೇಕಾಗಿತ್ತೋ ಅವನ ಕಡೆ ಅವಳು ತಿರುಗಲಿಲ್ಲ. ಅಂಗಡಿಯವನ ಮುಖ ನೋಡಿಕೊಂಡೇ ಹೇಳಿದಳು. ಪ್ರೀತಿಯ ಮಾತನ್ನು ಇಷ್ಟು ಸಿಡುಕು ಮೋರೆಗೆ ಯಾರಾದರೂ ಹೇಳಿದ್ದಿದೆಯೋ ಇಲ್ಲವೋ!

"ಮತ್ತ ನಮ್ಮ ಟೈಮ್ ಯಾಕ ಹಾಳ ಮಾಡಿದ್ರಿ?" ಗುರುಸಂಗಪ್ಪ ಸೀರೆಯನ್ನು ಮುದ್ದೆ ಮಾಡಿ ಅವರ ಕಡೆ ತಳ್ಳಿದ. ಮಡಚಿಕೊಡಲು ಮುಂದೆ ಬಂದ ಬಿಸ್ಮಿಲ್ಲಾಳಿಗೆ, "ನಿನಗ ಪಗಾರ ಯಾರ್ ಕೊಡ್ತಾರ? ಗಿರಾಕಿ ನೋಡು!" ಅಂತ ಗದರಿದ.

ಹೊರಗೆ, ಮುಚ್ಚಿದ ಅಂಗಡಿಯೊಂದರ ಕಟ್ಟೆಯ ನೆರಳಿನಲ್ಲಿ, ಅವಳು ಆ ಮುದ್ದೆಯನ್ನು ಎದೆಗೆ ಹಿಡಿದುಕೊಂಡು ನಿಂತಳು. ಚೀಲದಲ್ಲಿ ಹಿಡಿಯುತ್ತಿರಲಿಲ್ಲ.

"ಹಿಡಿ ಇಲ್ಲೆ" ಅಂತ ಕಳಕೇಶ ಒಂದು ತುದಿ ಕೈಗೆ ತೆಗೆದುಕೊಂಡ.

ಸೀರೆ ಮಡಚುವುದಕ್ಕೆ ಇಬ್ಬರು ಬೇಕು. ಅವಳು ಸೆರಗು ಹಿಡಿದು ಅಲ್ಲಿ, ಇವನು ಇನ್ನೊಂದು ತುದಿ ಹಿಡಿದು ಇಲ್ಲಿ. ನಡುವೆ ಬಜಾರದ ಗಾಳಿಗೆ ದಾಳಿಂಬ ಬಣ್ಣ ಉಬ್ಬಿತು. ತುದಿಗೆ ತುದಿ ಸೇರಿಸಲು ಒಬ್ಬರ ಕಡೆ ಒಬ್ಬರು ನಡೆದರು. ಬೆರಳು ತಾಗಿದವು. ಮತ್ತೆ ಹಿಂದೆ ಸರಿದರು, ಮತ್ತೆ ಹತ್ತಿರ ಬಂದರು. ಪ್ರತಿ ಮಡಿಕೆಗೂ ಸೀರೆ ಸಣ್ಣದಾಯಿತು, ದೂರ ಕಡಿಮೆಯಾಯಿತು.

"ಯಾವಾಗ ಉಟ್ಟೆ?"

"ಮರುದಿನ ಹಿರ್‍ಯಾರಿಗೆ ಮಾತು ಹೇಳಬೇಕಿತ್ತಲ್ಲಾ, ಅವತ್ತ ಸಂಜಿಕ. ಒಲ್ಲೆ ಅನ್ನಾಕ ಧೈರ್ಯ ಬೇಕಿತ್ತು. ಇದನ್ನ ಉಟ್ಟು ಕನ್ನಡಿ ಮುಂದ ನಿಂತ್ರ ಬಂದೀತು ಅಂತ." ಅವಳು ಮಡಿಕೆಯನ್ನು ಅಂಗೈಯಿಂದ ಸವರಿದಳು. "ಬಂದಿತ್ತೋ ಕಳಕ್ಯಾ. ಖರೇನ ಬಂದಿತ್ತು."

ಕಳಕ್ಯಾ.

"ಅಷ್ಟರಾಗ ಶೇಕಿ ಬಾಗಲಾ ಬಡದ್ಲು. ತಗದೆ. ಸೆರಗು ಹಿಡದು ಜಗ್ಗಿದ್ಲು, ಪಿನ್ನಿನ ಕಡೆ ಚರ್ ಅಂತು. ತೊಡಿ ಮ್ಯಾಲ ಹತ್ತಿ, ಸೆರಗು ಮುಖಕ್ಕ ಹೊಚ್ಕೊಂಡು ನಿದ್ದಿ ಹೋತು. ನಾ ಎದ್ರ ಆಕಿಗೆ ಎಚ್ಚರ ಆಗತೈತಿ ಅಂತ ಹಂಗ ಕುಂತೆ. ಕಾಲು ಜೋಮು ಹಿಡದ್ರೂ ಕುಂತೆ. ಆಕಿ ಏಳೂದ್ರಾಗ ಆ ಧೈರ್ಯ ಇಳದು ಹೋಗಿತ್ತು."

ಹಿರಿಯರು ಬೈದು ಒಪ್ಪಿಸಿದ್ದರೆ ಅವನು ಜಗಳಕ್ಕಾದರೂ ಹೋಗಬಹುದಿತ್ತು. ನಿದ್ದೆ ಮಾಡಿದ ಕೂಸಿನ ಜೋಡಿ ಯಾರು ಜಗಳಾಡುತ್ತಾರೆ?

ಕಡೆಯ ಮಡಿಕೆ. ಸೀರೆ ಈಗ ಇಬ್ಬರ ಕೈಗಳ ನಡುವೆ ಒಂದು ಪುಸ್ತಕದಷ್ಟಿತ್ತು. ಇಬ್ಬರೂ ಬಿಡಲಿಲ್ಲ.

"ಘಡಿ ನಾ ಮುರೀತೀನಿ ಅಂದಿದ್ದೆ" ಅಂದ ಕಳಕೇಶ. ನಗಲು ನೋಡಿದ. "ಈಗ ನೋಡು, ಘಡಿ ಮಾಡಿ ಕೊಡಾಕತ್ತೀನಿ. ಒಯ್ಯಿ. ಕೊಯ್ದು ಆಕಿಗೆ ಲಂಗಾ ಹೊಲಿಸು. ಹರದದ್ದು ಆಕೀನ ಅಲ್ಲೇನು? ಸೀರೀನೂ ಆಕೀದ."

ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ; ತಲೆ ತಗ್ಗಿಸಿದಾಗ ಒಂದು ಹನಿ ಅವನ ಹೆಬ್ಬೆರಳ ಮೇಲೆ ಬಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಸೂಡಿಯ ಬಸ್ಸು ನಿಂತೇ ಇತ್ತು. ಒಂದು ದಿನವೂ ತಡ ಮಾಡದೆ ಬಾರದ ಬಸ್ಸು, ಇವತ್ತೇ ಸಮಯಕ್ಕೆ ಬಂದಿತ್ತು. ಅವಳು ಕಿಟಕಿಯ ಹತ್ತಿರ ಕೂತಳು. ಇವನು ಕೆಳಗೆ, ಕಿಟಕಿಯ ಸರಳು ಹಿಡಿದು ನಿಂತ. ಡ್ರೈವರ್ ಗಾಡಿ ಚಾಲೂ ಮಾಡಿದ.

"ಆ ಕಡೆ ಮುಖಾ ಮಾಡು" ಅಂದಳು.

"ಯಾಕ?"

"ಮಾಡು ಅಂದೆ. ಎಣಸು."

"ಎಲ್ಲೀತನಾ ನಿರ್ಮಲಾ?"

"ನೋವು ನಿಲ್ಲೂತನಾ."

ಅವನು ತಿರುಗಿ ನಿಂತ. ಬಸ್ಸಿನ ಸದ್ದು ಬಜಾರ ದಾಟಿತು, ಏರಿಗೆ ಬಂತು, ತೆಳ್ಳಗಾಯಿತು, ಇಲ್ಲವಾಯಿತು. ಅವನ ತುಟಿ ಮಾತ್ರ ಅಲುಗುತ್ತಲೇ ಇತ್ತು.

ಅಂಗಡಿಗೆ ಬಂದು, ಉರುಳಿಹೋದ ತಂತಿಯನ್ನು ಹುಡುಕಿ ತಂದು ಕೆಲಸಕ್ಕೆ ಕೂತ. ಸುತ್ತಿದ, ಎಣಿಸಿದ. ಹೊರಗೆ ಹೊತ್ತು ಇಳಿಯಿತು. ನಡುವೆ ಎಲ್ಲಿಯೋ ಲೆಕ್ಕ ತಪ್ಪಿತು. ಸುತ್ತಿದ್ದನ್ನೆಲ್ಲ ಬಿಚ್ಚಿ, ತಂತಿಯ ತುದಿಯನ್ನು ಬೆರಳಿನಿಂದ ನೇರ ಮಾಡಿ, ಮತ್ತೆ ಒಂದರಿಂದ ಶುರು ಮಾಡಿದ.