ಆಷಾಢದ ರಕ್ತ

“ಈ ಜೀನ್ ರೋಗವನ್ನ ತೋರಿಸ್ತಿಲ್ಲ. ನಂಬಬೇಡಿ.”

೨೦೦೫ರಲ್ಲಿ ಮಲ್ಲೇಶ್ವರಂನ ಸಂಶೋಧನಾಲಯಕ್ಕೆ ಸಂಖ್ಯಾಶಾಸ್ತ್ರಜ್ಞನಾಗಿ ಸೇರಿದ ಮೊದಲ ದಿನವೇ ಮಹಾನಂದ ಹಾಗೆಂದುಬಿಟ್ಟ. ಒರಟು ಮಾತು. ಅಲ್ಲಿನ ಸಂಶೋಧಕಿ ರಂಜಿನಿ ಕಂಪ್ಯೂಟರನ್ನು ಅತ್ತ ತಿರುಗಿಸಿದಳು. ಕ್ಯಾನ್ಸರನ್ನು ಮೊದಲೇ ಹಿಡಿಯಬಲ್ಲ ಗುರುತೆಂದು ಅವಳು ನಂಬಿದ್ದ ಜೀನ್ ಅದು. ಇವತ್ತು ಬಂದವನಿಗೇನು ಗೊತ್ತು...

ಪರದೆಯ ಮೇಲಿನ ನಕ್ಷೆಯಲ್ಲಿ ಒಬ್ಬೊಬ್ಬರ ರಕ್ತಕ್ಕೆ ಒಂದೊಂದು ಚುಕ್ಕಿ. ಅವುಗಳಲ್ಲಿ ಒಂದು, ಕ್ಯಾನ್ಸರಿನಿಂದ ತೀರಿಹೋದ ಅವಳ ತಾಯಿ ಶೈಲಜಮ್ಮನದು. ಅವರ ರಕ್ತ ಇನ್ನೂ ಫ್ರೀಜರಿನಲ್ಲಿತ್ತು. ಅದರ ಬಾಗಿಲು ತೆರೆದಾಗಲೆಲ್ಲ ಬೆನ್ನ ಹಿಂದೆ ಅಮ್ಮನ ದನಿ ಕೇಳುತ್ತಿತ್ತು, ‘ರಂಜೂ, ಬಂದ್ಯಾ?’

ತಿರುಗಿದರೆ ಯಾರೂ ಇಲ್ಲ.

ಅಮ್ಮನ ಪಕ್ಕದ, ಹೆಸರಿಲ್ಲದ ಚುಕ್ಕಿ ರಂಜಿನಿಯದೇ. ತನಗೂ ಆ ರೋಗ ಬರಬಹುದೆಂದು ಹೆದರಿ ತನ್ನ ರಕ್ತವನ್ನೂ ರೋಗಿಗಳ ರಕ್ತದ ಜೊತೆಗೇ ಪರೀಕ್ಷಿಸಿದ್ದಳು. ಯಾರಿಗೂ ಹೇಳಿರಲಿಲ್ಲ.

ಜಗಳವಾಡುತ್ತಲೇ ಇಬ್ಬರೂ ಹತ್ತಿರವಾದರು. ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ಅವನು ಮದುವೆಯ ಮಾತೆತ್ತಿದ. ಅವಳು ಕಾರಣ ಕೊಡದೆ ಬೇಡವೆಂದಳು. ತನ್ನ ನಾಲಿಗೆಯೇ ಕೆಡಿಸಿತೆಂದುಕೊಂಡು ಅವನು ದೂರವಾದ. ಆ ಜೀನನ್ನು ಮಾತ್ರ ಬಿಡಲಿಲ್ಲ.

“ರೋಗಿಗಳ ರಕ್ತ ಯಾವಾಗ ಪರೀಕ್ಷೆ ಮಾಡಿದ್ರಿ?”

“ಆಷಾಢದಲ್ಲಿ.”

“ಆರೋಗ್ಯವಾಗಿರೋರದು?”

“ಶ್ರಾವಣದಲ್ಲಿ. ಆಷಾಢದಲ್ಲಿ ರಕ್ತ ಕೊಡಲ್ಲ ಅಂದ್ರು ಎಲ್ರೂ.”

ಅಷ್ಟರಲ್ಲಿ ಪರೀಕ್ಷೆಯ ರಾಸಾಯನಿಕಗಳು ಬದಲಾಗಿದ್ದವು. ಜೀನ್ ಬೇರ್ಪಡಿಸಿದ್ದು ರೋಗವನ್ನಲ್ಲ, ಎರಡು ತಿಂಗಳನ್ನು! ಅದೂ ಅಲ್ಲದೆ ಸಾವಿರಾರು ಜೀನುಗಳನ್ನು ಒಂದೊಂದಾಗಿ ಹೋಲಿಸಿದರೆ ಕೆಲವು ಬರೀ ಅದೃಷ್ಟದಿಂದಲೇ ಎದ್ದು ಕಾಣುತ್ತವೆ ಎಂದು ಅವನು ವಿವರಿಸಿದ. ಇಬ್ಬರೂ ಎರಡೂ ಗುಂಪಿನ ರಕ್ತದ ಮಾದರಿಗಳನ್ನು ಹಿಂದುಮುಂದಾಗಿ ಜೋಡಿಸಿ, ಒಂದೇ ದಿನ ಮತ್ತೆ ಪರೀಕ್ಷಿಸಿದರು. ಅಂಥ ಸುಳ್ಳು ಗುರುತುಗಳನ್ನು ಸೋಸುವ ಕಟ್ಟುನಿಟ್ಟಾದ ವಿಧಾನವನ್ನು ಅವನು ಬಳಸಿದ.

ಜೀನ್ ಉಳಿಯಲಿಲ್ಲ.

ರಂಜಿನಿಗೆ ಸಿಟ್ಟಿನಿಂದ ಅಳು ಬಂತು.

“ಅಮ್ಮ ನಂಗೆ ಹೇಳಿಹೋದ ಮಾತು ಅದೊಂದೇ ಅಂದ್ಕೊಂಡಿದ್ದೆ. ಅದನ್ನೂ ಕಿತ್ಕೊಂಡ್ರಿ.”

ಅವನು ಹಳೆಯ ನಕ್ಷೆಯನ್ನೇ ನೋಡಿದ. “ಅಮ್ಮನ ಪಕ್ಕದ್ದು ಯಾರದು?”

“ನಂದು... ಅದಕ್ಕೇ ಮದುವೆ ಬೇಡ ಅಂದಿದ್ದು. ನಮ್ಮಪ್ಪ ಪಟ್ಟ ಕಷ್ಟಾನ ನೀವೂ ಪಡಬಾರ್ದು ಅಂತ.”

ಅವನು ಆ ಎರಡು ಚುಕ್ಕಿಗಳ ಮೇಲೆ ಬೆರಳಿಟ್ಟ.

“ಎರಡೂ ಆಷಾಢದಲ್ಲಿ ಪರೀಕ್ಷೆ ಮಾಡಿದ್ದು, ಅದಕ್ಕೇ ಅಕ್ಕಪಕ್ಕ ಬಂದಿವೆ. ನಿಮ್ಗೆ ಕಾಯಿಲೆ ಬರಲ್ಲ ಅಂತ ನಾನು ಹೇಳಲಾರೆ. ಬರತ್ತೆ ಅಂತ ಈ ಜೀನೂ ಹೇಳ್ತಿಲ್ಲ.”

“ಬಂದ್ರೆ?”

“ಡಾಕ್ಟರ ಹತ್ರ ಒಟ್ಟಿಗೆ ಹೋಗೋಣ. ಅವರ ಜೊತೆನೂ ಜಗಳ ಆಡ್ತೀನಿ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಭಯ ಹೋಗಿಲ್ಲ, ಮಹಾನಂದ.”

“ನಂಗೂ ಇದೆ.”

ಅವಳು ಅವನ ಕೈ ಹಿಡಿದಳು. “ನಾಳೆ ಮನೆಗೆ ಬನ್ನಿ. ಅಪ್ಪನ ಹತ್ರ ಮಾತ್ರ ಸ್ವಲ್ಪ ಮೆತ್ತಗೆ ಮಾತಾಡಿ.”