ಮೀನು ತಿಂದ ಬೆಕ್ಕುಗಳು

ಕುಡಚಿಯ ಹತ್ತಿರ, ಕೃಷ್ಣೆಯ ದಂಡೆಯ ಹೋಟೆಲಿನ ಕೊಳದಲ್ಲಿ ಆ ಮುಂಜಾನೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಸಾಕಿ ನದಿಗೆ ಬಿಡಬೇಕಿದ್ದ ಮೀನುಗಳವು. ಮಧ್ಯಾಹ್ನ ಕಡಲು ಉಳಿಸುವ ಸಂಘದವರು ನೋಡಲು ಬರುವವರಿದ್ದರು. "ನಮ್ಮ ನೀರು ಕಡಲು ಸೇರುವವರೆಗೂ ತಿಳಿಯಾಗಿರಲಿ" ಎಂದು ಮಾಲೀಕ ಮಹಾವೀರ ಬಾಗಿಲಲ್ಲೇ ಬರೆಸಿದ್ದ.

"ಇವಂದ ಕೆಲಸ ಇದು," ಎಂದು ಮ್ಯಾನೇಜರ್ ಶೈಲಾ ಕೊಳ ಕಾಯುವ ಸಿದರಾಯನತ್ತ ಬೆರಳು ತೋರಿಸಿದಳು. ಅವನ ಗುಡಿಸಲ ಹಿಂದೆ ಕಬ್ಬಿಗೆ ಹೊಡೆಯುವ ಔಷಧದ ಖಾಲಿ ಡಬ್ಬಿ ಸಿಕ್ಕಿತ್ತು.

"ಸಂಜಿಯೊಳಗ ಗುಡಿಸಲಾ ಖಾಲಿ ಮಾಡು. ಪೊಲೀಸ್ರಿಗೂ ಹೇಳ್ತೀನಿ," ಎಂದ ಮಹಾವೀರ.

ಸಿದರಾಯನಿಗೆ ತನ್ನವರೆಂಬವರು ಯಾರೂ ಇರಲಿಲ್ಲ. ಆ ಗುಡಿಸಲು ಬಿಟ್ಟರೆ ಬೇರೆ ನೆಲೆಯಿರಲಿಲ್ಲ. ದಿನವಿಡೀ ಮೀನುಗಳೊಂದಿಗೆ ಮಾತಾಡುತ್ತಿದ್ದವನು ಬಗ್ಗಿ ಸತ್ತ ಮೀನುಗಳನ್ನು ಒಂದೊಂದಾಗಿ ಬುಟ್ಟಿಗೆ ಎತ್ತತೊಡಗಿದ.

ಕೋಣೆ ಗುಡಿಸುವ ಉಜ್ವಲಾ ಹಿತ್ತಲಿಗೆ ಓಡಿದಳು. ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಹೋಟೆಲಿನಲ್ಲೇ ನೆಲೆಸಿದ್ದ ಗೌರಾಬಾಯಿ ಅಲ್ಲಿ ಒಬ್ಬರೇ ಚಹಾ ಕುಡಿಯುತ್ತಿದ್ದರು. ಉಜ್ವಲಾಳಿಗೆ ಮಾತು ಬರುತ್ತಿದ್ದದ್ದು ಅವರೆದುರು ಮಾತ್ರ.

"ಏನೇನ ಕಂಡಿ, ಹೇಳವ್ವಾ," ಎಂದರು ಅವರು.

"ಸತ್ತ ಮೀನಾ ಬೆಕ್ಕುಗೋಳು ತಿಂದಾವ್ರಿ. ತಿಂದು ಗ್ವಾಡಿ ಮ್ಯಾಲ ಮೈ ನೆಕ್ಕೋತ ಕುಂತಾವ. ನದಿ ನೀರಿನ ಮೋಟಾರ್ ಸುಟ್ಟು ವಾರಾತು, ಆದ್ರೂ ಕೊಳ ತುಂಬೇತಿ. ದಂಡಿಗೆ ನೊರಿ ಐತಿ. ಆಪಿನ ಹೊಂಡ ಒಣಗಿ ಬಿರುಕ ಬಿಟ್ಟೇತ್ರಿ, ನೀರು ಬರೂ ಬಾಯಿಗಷ್ಟ ಈಗ ಹಸಿ ಆಗೇತಿ."

ಹಾಸಿಗೆಬಟ್ಟೆ ಒಗೆದ ನೀರು ಆಪುಹುಲ್ಲಿನ ಆ ಹೊಂಡದಲ್ಲಿ ಸೋಸಿ ತೋಟಕ್ಕೆ ಹೋಗಬೇಕಿತ್ತು. ಸಾಬೂನು ಪುಡಿ ಬಿಟ್ಟು ಅಂಟುವಾಳದಲ್ಲೇ ಒಗೆಯುವುದು ಹೋಟೆಲಿನ ಹೆಮ್ಮೆ.

ಗೌರಾಬಾಯಿ ಕಪ್ಪು ಕೆಳಗಿಟ್ಟರು. "ಎಲ್ಲಾರ್ನೂ ಬೇವಿನ ಗಿಡದ ಬುಡಕ ಕರಿ."

ಎಲ್ಲರೂ ಬಂದು ನಿಂತರು.

"ಬೇಲಿ ಆಚೆ ಕಬ್ಬಿನ ಹೊಲ ಐತಿ, ಅಂಥಾ ಡಬ್ಬಿ ಬೇಕಾದಷ್ಟ ಬಿದ್ದಿರ್ತಾವ," ಎಂದು ಅವರು ಶುರುಮಾಡಿದರು. "ಆ ಔಷಧಾ ಕೊಳಕ್ಕ ಬಿದ್ದಿದ್ರ ಮೀನ ತಿಂದ ಬೆಕ್ಕೂ ಉರುಳತಿದ್ವು. ಮೀನಿನ ಉಸಿರ ಕಟ್ಟಿಸಿ, ತಿಂದವ್ರಿಗೆ ಏನೂ ಮಾಡದ್ದು ಅಂಟವಾಳ. ನಮ್ಮೂರು ಪಾಲಬಾವ್ಯಾಗ ಹಳ್ಳದ ಮಡುವಿಗೆ ಅದನ್ನ ಅರದ ಹಾಕೇ ಮೀನ ಹಿಡೀತಿದ್ರು. ನೊರಿ ಅದರದ. ನದಿ ನೀರಿಲ್ಲದ ಕೊಳ ತುಂಬೇತಿ, ಹೊಂಡ ಒಣಗೇತಿ. ಅಂದ್ರ ಹೊಂಡಕ್ಕ ಹೋಗೂ ಪೈಪಿನ ವಾಲ್ವ್ ತಿರುವಿ ಒಗದ ನೀರನ್ನ ಯಾರೋ ಕೊಳಕ್ಕ ಬಿಟ್ಟಾರ. ಆ ವಾಲ್ವಿನ ಕೀಲಿ ಯಾರ ಹತ್ರ ಐತಿ?"

ಎಲ್ಲರ ಕಣ್ಣು ಶೈಲಾಳ ಸೊಂಟದ ಕೀಲಿಗೊಂಚಲಿನ ಮೇಲೆ ನಿಂತವು.

"ಬತ್ತಿದ ಕೊಳಾ ನೋಡಿ ಬಂದವ್ರು ಏನಂದಾರು ಅಂತ..." ಅವಳು ಗೊಂಚಲನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. "ಗಿಡದ ಕಾಯಿ ನೀರಲ್ರಿ, ಏನಾಗತೈತಿ ಅನ್ಕೊಂಡೆ."

"ಅದು ತಿಳೀದ ಆದ ತಪ್ಪು. ಆದ್ರ ಮೀನ ಸತ್ತದ್ದು ಕಂಡು ವಾಲ್ವ್ ಹೊಳ್ಳಿ ಹೊಂಡದ ಕಡೆ ತಿರುವಿದಿ. ಹೊಂಡದ ಬಾಯಿ ಅದಕ್ಕ ಹಸಿ ಆಗೇತಿ. ಆಮ್ಯಾಲ ಇವನ ಕಡೆ ಬೆರಳ ತೋರ್ಸಿದಿ. ಅದು ತಿಳದ ಮಾಡಿದ್ದು."

ಮಹಾವೀರ ತಲೆ ತಗ್ಗಿಸಿದ. "ಸಿದರಾಯಾ, ಇಲ್ಲೇ ಇರಪಾ. ಬಂದವ್ರಿಗೆ ನಾನ ಖರೇ ಹೇಳ್ತೀನಿ."

ಸಂಜೆ ಸಿದರಾಯ ರೂಢಿಯಂತೆ ಮುಷ್ಟಿಯಲ್ಲಿ ಮೀನಿಗೆ ಹಾಕುವ ಹಿಂಡಿ ಹಿಡಿದು ದಂಡೆಗೆ ಬಂದ. ನೀರು ಅಲುಗಲಿಲ್ಲ. ಮುಷ್ಟಿ ಬಿಚ್ಚದೆ ಕುಳಿತೇ ಇದ್ದ. ಉಜ್ವಲಾ ದೂರದಲ್ಲಿ ತುಸು ಹೊತ್ತು ನಿಂತು, ಆಮೇಲೆ ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತಳು.

"ಕಾಕಾ, ಅವಕ್ಕ ಹೆಸರ ಇಟ್ಟಿದ್ದಿರೇನ್ರಿ?"

ಅವನು ಮುಷ್ಟಿ ಬಿಚ್ಚಿ ಹಿಂಡಿಯನ್ನು ಕಲ್ಲಿನ ಮೇಲಿಟ್ಟ.

"ಒಂದಕ್ಕ ಗುಂಡವ್ವ ಅಂತಿದ್ದೆ," ಎಂದ. "ಯಾವಾಗ್ಲೂ ಎಲ್ಲಾರಗಿಂತ ಕಡೀಕ ಬರ್ತಿದ್ಲು."