ಮುನ್ನೂರ ನಲವತ್ತನೆಯವನು

“ಒಂದು ಫೋನ್ ಮಾಡೋಕೆ ಏನಾಗಿತ್ತು ಇವನಿಗೆ?”

ಠಾಣೆಯ ಬೆಂಚಿನ ಮೇಲೆ ಕೂತಿದ್ದ ಹೆಂಗಸು ಹಾಗೆ ಕೇಳಿದ್ದು ಯಾರನ್ನೂ ಅಲ್ಲ. ಎದುರಿನ ಗೋಡೆಗೆ ಕೇಳಿದಳೋ, ಮಡಿಲಲ್ಲಿದ್ದ ಚೀಲಕ್ಕೆ ಕೇಳಿದಳೋ, ಅಂತೂ ಕೇಳಿ ಸುಮ್ಮನಾದಳು. ಆಗಷ್ಟೇ ಸಂಜೆಯ ಪಾಳಿಗೆ ಬಂದು ಟೋಪಿ ತೆಗೆದಿಡುತ್ತಿದ್ದ ದಫೇದಾರರಿಗೆ ಮಾತ್ರ ಆ ಮಾತು ಬೆನ್ನಿಗೆ ಬಂದು ತಾಗಿತು. ಅದೇ ಹೆಂಗಸು, ಅದೇ ಬೆಂಚು. ಬೆಳಿಗ್ಗೆ 9:10ಕ್ಕೂ ಅವಳು ಅಲ್ಲೇ ಕೂತಿದ್ದಳು.

ಹನ್ನೊಂದನೇ ತಾರೀಖು, ಭಾನುವಾರ, ಸಂಜೆ 6:05.

ಇನ್‌ಸ್ಪೆಕ್ಟರ್ ತಮ್ಮ ಕೋಣೆಯಿಂದ ಹೊರಬಂದರು. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ.

“ಏನಮ್ಮಾ?”

“ನನ್ನ ತಮ್ಮ ಮನೆಗೆ ಬಂದಿಲ್ಲ ಮೇಡಂ. ನಿನ್ನೆ ರಾತ್ರಿ ಹೋದೋನು.”

“ದಫೇದಾರ್ರೇ, ಬರ್ಕೊಳ್ಳಿ.”

ಅವಳು ಅಚ್ಚುಕೂಟದಲ್ಲಿ ಪುಸ್ತಕ ಕಟ್ಟುವವಳು. ಬೆರಳ ತುದಿಯಲ್ಲಿ ಒಣಗಿದ ಅಂಟನ್ನು ಉಗುರಿನಿಂದ ಕೀಳುತ್ತಾ ಹೇಳಿದಳು. ತಮ್ಮನಿಗೆ ಮೂವತ್ತೊಂದು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಅಪ್ಪ ಅಮ್ಮ ಇಲ್ಲ, ಮನೆಯಲ್ಲಿ ಇರುವುದು ಇವರಿಬ್ಬರೇ. ಅಂಗಡಿಯವನೊಬ್ಬ ಕೆಲಸ ಬಿಡುತ್ತಾನೆಂದು ಎಲ್ಲರೂ ಸೇರಿ ನೈಟ್‌ಕ್ಲಬ್ಬಿಗೆ ಹೋಗಿದ್ದರು. ಒಂದು ಗಂಟೆಗೆ ಮಿಕ್ಕವರು ಹೊರಟರೆ ಇವನು, ‘ನೀವು ನಡೀರಿ, ನನ್ನ ಬೈಕ್ ಇದೆ’ ಅಂದನಂತೆ. ಹಸಿರು ಅಂಗಿ, ಅವಳೇ ಇಸ್ತ್ರಿ ಹಾಕಿಕೊಟ್ಟಿದ್ದು.

“ಬೆಳಿಗ್ಗೆನೂ ಬಂದಿದ್ದೆ. ಸಂಜೆವರೆಗೂ ನೋಡಿ ಅಂದ್ರು ಸಾರ್,” ಅಂದಳು. ಆ ಹೊತ್ತಿಗೆ ಇನ್‌ಸ್ಪೆಕ್ಟರ್ ಜೀಪು ತರಿಸಲು ಹೊರಗೆ ಹೋಗಿದ್ದರು. ಅವಳ ದನಿಯಲ್ಲಿ ದೂರಿರಲಿಲ್ಲ, ನೆನಪು ಹೇಳಿದ ಹಾಗಿತ್ತು. ದಫೇದಾರರ ಪೆನ್ನು ಆ ವಾಕ್ಯದ ಹತ್ತಿರ ಬಂದು, ಸುತ್ತು ಹಾಕಿ, ಮುಂದಿನದಕ್ಕೆ ಹೋಯಿತು.

ಬೆಳಿಗ್ಗೆ ಅವರು ಹೇಳಿದ್ದು ಇಷ್ಟು: “ಮೂವತ್ತು ದಾಟಿದ ಗಂಡಸು ಎಲ್ಲಿಗಮ್ಮಾ ಹೋಗ್ತಾನೆ? ಯಾರೋ ಸ್ನೇಹಿತರ ಮನೇಲಿ ಮಲಗಿರ್ತಾನೆ.” ಕಾಣೆಯಾದವರ ಪ್ರಕರಣ ಬರೆಯಲು ಕೂತರೆ ಒಂದೂವರೆ ಗಂಟೆ. ರಾತ್ರಿ ಪಾಳಿ ಮುಗಿಯುತ್ತಿತ್ತು. ಹೊಟ್ಟೆ ಹಸಿದಿತ್ತು. ಠಾಣೆ ದಿನಚರಿಯಲ್ಲಿ ಆ ಗಂಟೆಯ ಮುಂದೆ ‘ವಿಶೇಷವಿಲ್ಲ’ ಎಂದು ಬರೆದು, ಮನೆಗೆ ಹೋಗಿ ಉಂಡು, ನಾಲ್ಕರವರೆಗೆ ಮಲಗಿದ್ದರು. ಗಾಢ ನಿದ್ದೆಯೇ ಬಂದಿತ್ತು.

ಎಫ್‌ಐಆರ್ 6:40ಕ್ಕೆ ದಾಖಲಾಯಿತು. ಏಳಕ್ಕೆ ಜೀಪು ಕ್ಲಬ್ಬಿನ ಮುಂದೆ ನಿಂತಿತು.

ಬಣ್ಣದ ದೀಪವಿಲ್ಲದೆ, ಟ್ಯೂಬ್‌ಲೈಟಿನ ಬೆಳಕಲ್ಲಿ ಆ ಹಾಲ್ ಯಾವುದೋ ಗೋದಾಮಿನ ಹಾಗಿತ್ತು. ನೆಲಕ್ಕೆ ಬೂಟು ಅಂಟುತ್ತಿತ್ತು. ಗುಡಿಸುವವಳು ಒಡೆದ ಗಾಜನ್ನು ಮೊರಕ್ಕೆ ತಳ್ಳುತ್ತಿದ್ದಳು.

“ಎಲ್ಲರೂ ಹೋದರು ಮೇಡಂ. ನಮ್ಮ ಲೆಕ್ಕ ಪಕ್ಕಾ,” ಎಂದು ಮ್ಯಾನೇಜರ್ ರಿಜಿಸ್ಟರ್ ತೆರೆದ. ಒಳಗೆ ಬಂದವರು 340. ಹೊರಗೆ ಹೋದವರು 340. ಬಾಗಿಲು ಹಾಕಿದ್ದು 3:15. ಕೆಳಗೆ ಬೌನ್ಸರನ ಸಹಿ.

“ಹೇಗೆ ಎಣಿಸ್ತೀರಿ?”

ಮ್ಯಾನೇಜರ್ ಅಂಗೈಯಲ್ಲಿ ಅಡಗುವಂಥ ಎರಡು ಎಣಿಕೆ ಯಂತ್ರ ತಂದಿಟ್ಟ. ಬಾಗಿಲಲ್ಲಿ ನಿಲ್ಲುವ ಬೌನ್ಸರ್ ಬಲಗೈಯಲ್ಲಿ ಬರುವವರನ್ನು ಒತ್ತಿ ಎಣಿಸುತ್ತಾನೆ, ಎಡಗೈಯಲ್ಲಿ ಹೋಗುವವರನ್ನು. ಎರಡೂ ಒಂದೇ ಬಂದರೆ ಬೀಗ. ಒಂದು ಹೆಚ್ಚುಕಮ್ಮಿಯಾದರೂ ಕಟ್ಟಡವನ್ನೆಲ್ಲ ಹುಡುಕಬೇಕು. ನಲವತ್ತು ನಿಮಿಷದ ಕೆಲಸ.

“ಯಾರು ಬೌನ್ಸರ್?”

“ಗೋಡೆ ಅಂತಾರೆ ಮೇಡಂ. ಏಳೂವರೆಗೆ ಬರ್ತಾನೆ.”

ಹೆಲ್ಮೆಟ್ ಕೌಂಟರಿನ ಹೆಂಗಸು ಅಷ್ಟರಲ್ಲಿ ಕಪಾಟಿನಿಂದ ಒಂದು ಕಪ್ಪು ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟಿದ್ದಳು. ಟೋಕನ್ 88. “ಇದೊಂದು ಉಳ್ಕೊಂಡಿತ್ತು. ನಾನು ಗೋಡೆಗೆ ಹೇಳ್ದೆ. ‘ನಾಳೆ ಬರ್ತಾನೆ ಬಿಡಕ್ಕ, ತಲೆಯೇನೂ ಬಿಟ್ಟು ಹೋಗಿಲ್ಲವಲ್ಲ’ ಅಂದ. ನಾನೂ ನಕ್ಕೆ.”

ಅವಳು ಈಗ ನಗಲಿಲ್ಲ. ಬೈಕೂ ಹಿಂದಿನ ಅಂಗಳದಲ್ಲಿ ನಿಂತಲ್ಲೇ ನಿಂತಿತ್ತು, ಸೀಟಿನ ಮೇಲೆ ಒಂದು ದಿನದ ಧೂಳು.

ಬಾಗಿಲ ಕ್ಯಾಮೆರಾದ ದೃಶ್ಯ ನೋಡಲು ದಫೇದಾರರೇ ಕೂತರು. ಹಸಿರು ಅಂಗಿ 10:47ಕ್ಕೆ ಒಳಗೆ ಬಂತು. ಗೋಡೆಯ ಬಲಹೆಬ್ಬೆರಳು ಒಮ್ಮೆ ಬಗ್ಗಿತು. ಅಲ್ಲಿಂದ ಮುಂದಕ್ಕೆ ಓಡಿಸಿದರು. ಗುಂಪುಗಳು ಹೊರಟವು, ಅಂಗಡಿಯವರು ಹೊರಟರು, ಹಸಿರು ಅಂಗಿ ಹೊರಡಲಿಲ್ಲ. 3:06ಕ್ಕೆ ಕೊನೆಯ ಜೋಡಿ. ಆಮೇಲೆ ಬಾಗಿಲಲ್ಲಿ ಗೋಡೆ ಒಬ್ಬನೇ. ಎರಡೂ ಅಂಗೈ ನೋಡಿಕೊಂಡ. ಒಳಗೆ ನೋಡಿದ. ಕೈಗಡಿಯಾರ ನೋಡಿದ. 3:12ಕ್ಕೆ ಎಡಹೆಬ್ಬೆರಳು ಬಗ್ಗಿ ಎದ್ದಿತು.

ದಫೇದಾರರು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದರು.

“ಯಾರೂ ಹೋಗ್ಲಿಲ್ಲ ಮೇಡಂ. ಬೆರಳು ಮಾತ್ರ ಹೋಯ್ತು.”

ಇನ್‌ಸ್ಪೆಕ್ಟರ್ ಮ್ಯಾನೇಜರ್ ಕಡೆ ತಿರುಗಿದರು. “ಹುಡುಕದೇ ಬಿಟ್ಟ ಜಾಗ ಯಾವುದು?”

ಮ್ಯಾನೇಜರ್ ಹಿಂಬದಿಗೆ ಕೈ ತೋರಿಸಿದ. ಹಾಲ್‌ನ ಹಿಂದೆ ತುರ್ತು ಮೆಟ್ಟಿಲಿದೆ. ಮೇಲಿನ ಬಾಗಿಲನ್ನು ತಳ್ಳಿ ಆಚೆ ಹೋಗಬಹುದು, ಆದರೆ ಆಚೆಯಿಂದ ಹಿಡಿ ಇಲ್ಲ, ಮತ್ತೆ ತೆಗೆಯಲಾಗದು. ಕೆಳಗಿನ ಬಾಗಿಲು ಓಣಿಗೆ, ಬೈಕು ನಿಲ್ಲಿಸುವ ಅಂಗಳಕ್ಕೆ ಅದೇ ಹತ್ತಿರದ ದಾರಿ. ಅಲ್ಲಿಂದ ಸ್ನೇಹಿತರನ್ನು ಪುಕ್ಕಟೆ ಒಳಗೆ ಬಿಟ್ಟುಕೊಳ್ಳುತ್ತಾರೆಂದು ಹೊರಗಿನಿಂದ ಸರಪಳಿ ಹಾಕಿಸಿದ್ದರು.

“ಕೀ?”

“ಗೋಡೆ ಹತ್ರ.”

ಏಳೂವರೆಗೆ ಸರಿಯಾಗಿ ಗೋಡೆ ಬಂದ. ಆರಡಿ ಮೀರಿದ ಆಳು, ಇಸ್ತ್ರಿ ಮಾಡಿದ ಕಪ್ಪು ಅಂಗಿಯನ್ನು ಹ್ಯಾಂಗರಿನಲ್ಲೇ ಹಿಡಿದಿದ್ದ. “ಹೆಸರಿಟ್ಟೋನು ಪುಣ್ಯಾತ್ಮ, ಸುಣ್ಣ ಬಳಿಯೋದೊಂದು ಬಾಕಿ,” ಎಂದು ಜೀಪಿನ ಡ್ರೈವರ್ ಗೊಣಗಿದ. ಗೋಡೆ ಮೇಜಿನ ಮೇಲಿದ್ದ ಹೆಲ್ಮೆಟ್ ನೋಡಿದ. ಇನ್‌ಸ್ಪೆಕ್ಟರ್ ಕೈ ಚಾಚಿದರು. ಅವನು ಕೊರಳಿನ ದಾರದಿಂದ ಕೀ ತೆಗೆದ, ಕೊಡಲಿಲ್ಲ.

“ನಾನೇ ತೆಗೀತೀನಿ ಮೇಡಂ.”

ಓಣಿಯಲ್ಲಿ ಅವನೇ ಬೀಗ ತೆಗೆದ. ಸರಪಳಿ ಬಿತ್ತು.

ಮೆಟ್ಟಿಲಿನ ಬುಡದಲ್ಲಿ, ಬಾಗಿಲಿಗೆ ಒರಗಿಕೊಂಡು ಅವನಿದ್ದ. ಬಾಗಿಲು ತೆರೆದದ್ದೇ ಭುಜ ಜಾರಿತು, ಗೋಡೆ ಬಗ್ಗಿ ಹಿಡಿದುಕೊಂಡ. ಮೈ ತಣ್ಣಗಾಗಿ ಬಹಳ ಹೊತ್ತಾಗಿತ್ತು. ಒಂದು ಕಾಲಿನ ಬೂಟು ಕೈಯಲ್ಲಿತ್ತು. ಪಕ್ಕದಲ್ಲಿ ಫೋನು, ಸಿಗ್ನಲ್ ಇಲ್ಲದೆ ಹೋಗದೇ ಉಳಿದ ಹನ್ನೊಂದು ಕರೆ. ಎಲ್ಲವೂ ಅಕ್ಕನಿಗೆ.

ಪಂಚನಾಮೆ 8:10ಕ್ಕೆ ಶುರುವಾಯಿತು. ಕೆಳಬಾಗಿಲ ಒಳಮೈ ಮೇಲೆ ಬೂಟಿನ ಹಿಮ್ಮಡಿಯ ಗುರುತುಗಳಿದ್ದವು, ಕೂತವನ ಕೈಗೆಟುಕುವ ಎತ್ತರದಲ್ಲಿ, ಅರ್ಧಚಂದ್ರದ ಹಾಗೆ ಕಪ್ಪಗೆ.

“ಅಂದಾಜು ಬರೀರಿ, ಸಾಕು,” ಅಂದರು ಇನ್‌ಸ್ಪೆಕ್ಟರ್.

ದಫೇದಾರರು ಮಂಡಿಯೂರಿ ಎಣಿಸಿದರು. ಇಪ್ಪತ್ತಾರು. ಮೇಲಿನವು ಗಟ್ಟಿಯಾಗಿದ್ದವು, ಕೆಳಕ್ಕೆ ಬಂದ ಹಾಗೆ ತೆಳುವಾಗಿದ್ದವು. ಕೊನೆಯದು ಬರೀ ಒಂದು ಗೀಟು. ಮತ್ತೊಮ್ಮೆ ಎಣಿಸಿ ಇಪ್ಪತ್ತಾರೆಂದೇ ಬರೆದರು.

ಗೋಡೆಯ ಜೊತೆಗೆ, ಸರಪಳಿ ಹಾಕಿಸಿದ್ದಕ್ಕೆ ಮ್ಯಾನೇಜರನೂ ಜೀಪು ಹತ್ತಿದ. ಅಕ್ಕನಿಗೆ ವಿಷಯ ತಿಳಿಸಲು ಇನ್‌ಸ್ಪೆಕ್ಟರೇ ಹೋದರು. ದಫೇದಾರರಿಗೆ ಹೇಳಿದ್ದರು, ಆದರೆ ಅವರು, “ನನ್ನ ಕೈಲಾಗಲ್ಲ ಮೇಡಂ,” ಎಂದು ತಲೆ ತಗ್ಗಿಸಿದ್ದರು. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಅಂಥ ಸುದ್ದಿ ಎಷ್ಟೋ ಮನೆಗೆ ಹೊತ್ತವರು ಅವರು.

ಸೋಮವಾರ ಬೆಳಿಗ್ಗೆ 10:30, ವಿಚಾರಣೆ. ಗೋಡೆಗೆ ಸ್ಟೂಲು ಸಾಲಲಿಲ್ಲ, ಅಂಚಿನಲ್ಲಿ ಕೂತಿದ್ದ.

“ಎಣಿಕೆ ಕೂಡಿರಲಿಲ್ಲ, ಗೊತ್ತಿತ್ತಾ?”

“ಗೊತ್ತಿತ್ತು.”

“ಎಷ್ಟು?”

“ಒಂದು.”

“ಹುಡುಕಲಿಲ್ಲ ಯಾಕೆ?”

“ಗುಂಪಲ್ಲಿ ಬಂದ್ರೆ ಬೆರಳು ತಪ್ಪುತ್ತೆ ಮೇಡಂ. ಒಂದೆರಡು ಹೆಚ್ಚುಕಮ್ಮಿ ಮಾಮೂಲು.”

ಮೂಲೆಯಲ್ಲಿ ಹೇಳಿಕೆ ಬರೆಯುತ್ತಿದ್ದ ದಫೇದಾರರು ತಲೆಯೆತ್ತಿದರು. ಅಜ್ಜ ದಿನಾ ಪದ್ಯ ಓದುತ್ತಿದ್ದ ಮನೆಯಲ್ಲಿ ಬೆಳೆದವರು ಅವರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಳ್ಳದ ದನಿ ಅವರ ಕಿವಿಗೆ ಸಿಗುತ್ತಿತ್ತು. ಇವನು ಈ ವಾಕ್ಯವನ್ನು ರಾತ್ರಿಯೆಲ್ಲ ತನಗೇ ಹೇಳಿಕೊಂಡಿದ್ದ.

“ಗಡಿಯಾರ ಯಾಕೆ ನೋಡಿದೆ?” ದಫೇದಾರರು ಕೇಳಿದರು.



“ಹೆಂಡತಿ ಬೇಕರಿ ಕೆಲಸಕ್ಕೆ ನಾಲ್ಕಕ್ಕೆ ಮನೆ ಬಿಡ್ತಾಳೆ ಸಾರ್. ಅಷ್ಟರೊಳಗೆ ನಾನು ಹೋಗಬೇಕು. ಅಪ್ಪಂಗೆ ಮರೆವು. ಒಬ್ಬನೇ ಇದ್ರೆ ಬೀದಿಗೆ ಹೋಗಿಬಿಡ್ತಾನೆ. ಒಂದ್ಸಲ ನಾನು ಲೇಟಾದೆ. ಇವಳು ಹೊರಗಿಂದ ಚಿಲಕ ಹಾಕಿ ಹೋಗಿದ್ಲು. ನಾನು ಹೋಗಿ ನೋಡಿದ್ರೆ ಬಾಗಿಲು ಬಡಿದೂ ಬಡಿದೂ ಅಪ್ಪನ ಕೈ ಬಾತ್ಕೊಂಡಿತ್ತು. ಇನ್ಮೇಲೆ ಹಾಗಾಗಬಾರದು ಅಂದ್ಕೊಂಡಿದ್ದೆ.”



11:20ಕ್ಕೆ ಮರಣೋತ್ತರ ವರದಿ ಬಂತು. ಕತ್ತಲಲ್ಲಿ ಮೆಟ್ಟಿಲು ತಪ್ಪಿ ಬಿದ್ದದ್ದು. ಪಾದದ ಕೀಲು ಮುರಿತ, ತಲೆಯೊಳಗೆ ನಿಧಾನವಾದ ರಕ್ತಸ್ರಾವ. ಸಾವಿನ ಸಮಯ ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಎರಡರ ನಡುವೆ. ಇನ್‌ಸ್ಪೆಕ್ಟರ್ ಗಟ್ಟಿಯಾಗಿ ಓದಿ ಮುಗಿಸಿದರು.

“ಅಂದ್ರೆ ಬೆಳಿಗ್ಗೆ ಜೀವ ಇತ್ತಾ ಮೇಡಂ?” ಗೋಡೆ ಕೇಳಿದ. “ಬೆಳಿಗ್ಗೆ ಯಾರಾದ್ರೂ ಹೋಗಿ ತೆಗೆದಿದ್ರೆ?”

ದಫೇದಾರರ ಪೆನ್ನು ಕಾಗದದ ಮೇಲೆ ನಿಂತಲ್ಲೇ ಶಾಯಿಯ ಚುಕ್ಕೆ ದೊಡ್ಡದಾಗುತ್ತಿತ್ತು.

ನಿರ್ಲಕ್ಷ್ಯದಿಂದ ಸಾವು, ಸುಳ್ಳು ದಾಖಲೆ. ಗೋಡೆಯ ಬಂಧನ 12:10. ಹೆಂಡತಿ ಬಂದಾಗ ಮಾವನನ್ನೂ ಕರೆತಂದಿದ್ದಳು, ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ. ಮಗನಷ್ಟೇ ಎತ್ತರದ ಮುದುಕ ಅವಳ ಕೈ ಬಿಡಿಸಿಕೊಂಡು ಲಾಕಪ್ಪಿನ ಹತ್ತಿರ ಹೋಗಿ ಚಿಲಕ ಅಲ್ಲಾಡಿಸತೊಡಗಿದ.

“ಬೇಡ ಅಪ್ಪಾ, ಮನೆಗೆ ಹೋಗು,” ಅಂದ ಗೋಡೆ ಒಳಗಿನಿಂದ. ಮುದುಕ ಕೇಳಲಿಲ್ಲ. ಕೊನೆಗೆ ದಫೇದಾರರೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರ್ ದಫೇದಾರರನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಠಾಣೆ ದಿನಚರಿ ತೆರೆದಿತ್ತು. ‘ವಿಶೇಷವಿಲ್ಲ’ದ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ದಫೇದಾರರ ದುಂಡನೆಯ ಅಕ್ಷರದಲ್ಲಿ: ‘9:10. ಮೃತನ ಅಕ್ಕ ದೂರು ಹೇಳಲು ಬಂದಿದ್ದರು. ನಾನು ಬರೆದುಕೊಳ್ಳದೆ ವಾಪಸು ಕಳಿಸಿದೆ.’ ಇಂದಿನ ತಾರೀಖು, ಸಹಿ.

“ಇದನ್ನ ಯಾವಾಗ ಬರೆದ್ರಿ?”

“ಈಗ, ಊಟದ ಹೊತ್ತಲ್ಲಿ.”

“ಊಟ ಮಾಡಿದ್ರಾ?”

“ಇಲ್ಲ.”

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಿವೃತ್ತಿಗೆ ಏಳು ತಿಂಗಳಿದೆ ನಿಮಗೆ. ಅದು ಹಾಗಿರಲಿ. ಇದು ಕೋರ್ಟಿಗೆ ಹೋದ್ರೆ ಆ ಕಡೆ ವಕೀಲ ಏನಂತಾನೆ? ಪೊಲೀಸರು ಬೆಳಿಗ್ಗೇನೇ ಹೋಗಿದ್ರೆ ಬದುಕ್ತಿದ್ದ, ತಪ್ಪು ನನ್ನ ಕಕ್ಷಿದಾರಂದಲ್ಲ ಅಂತಾನೆ. ಕೇಸು ಸಡಿಲ ಆಗುತ್ತೆ. ಆ ಹೆಣ್ಣುಮಗಳಿಗೆ ಅದರಿಂದ ಏನು ಸಿಕ್ಕ ಹಾಗಾಯ್ತು?”

“ಗೊತ್ತಿಲ್ಲ ಮೇಡಂ.”

“ಅವಳು ನಿಮ್ಮ ಮೇಲೆ ದೂರು ಕೊಟ್ಟಿಲ್ಲ. ಬೆಳಿಗ್ಗೆ ಬಂದಿದ್ದೆ ಅಂತ ನಿನ್ನೆ ಮನೇಲಿ ಮಾತಿಗೆ ಹೇಳಿದಳು, ಅಷ್ಟೇ.” ಇನ್‌ಸ್ಪೆಕ್ಟರ್ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಭಾನುವಾರದ ಪುಟ, ಹೊಸದಾಗಿ ಬರೆದದ್ದು, ಬೆಳಿಗ್ಗೆಯ ಗಂಟೆಗಳೆಲ್ಲ ವಿಶೇಷವಿಲ್ಲದೆ ಸಾಲಾಗಿ ನಿಂತಿದ್ದವು. “ಹಳೇದು ನೀರು ಬಿದ್ದು ಹಾಳಾಯ್ತು ಅಂತ ನಾನು ಷರಾ ಬರೀತೀನಿ. ನನ್ನ ಜವಾಬ್ದಾರಿ. ಕೆಳಗೆ ಒಂದು ಸಹಿ ಹಾಕಿಬಿಡಿ.”

ಪೆನ್ನಿನ ಮುಚ್ಚಳ ಅವರೇ ತೆಗೆದು ಮುಂದೆ ಹಿಡಿದರು. ದಫೇದಾರರು ತಮ್ಮ ಎಡಗೈ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿದರು.

“ಹಾಕಲ್ಲ ಮೇಡಂ.”